ಕೊನೆಯ ಪರ್ವದಿಂದ ಶುರು ಮಾಡಬೇಡಿ

ಕಳೆದ ಮಳೆಗಾಲದ ಒಂದು ಸಂಜೆ ಪ್ಲಸ್ ಟು ಓದುವ ಇಬ್ಬರು ಹುಡುಗರು ವಾಚನಾಲಯಕ್ಕೆ ಬಂದರು. ಇಬ್ಬರೂ ಒಂದು ಕಾಲದಲ್ಲಿ ನನ್ನ ಹತ್ತಿರ ಕಾಗುಣಿತ ಕಲಿತವರು. ಪೇಪರು ಓದಲಿಕ್ಕೆ ಬಂದವರಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತು ಆಚೆ ಈಚೆ ನೋಡಿ ಒಬ್ಬ ಕೇಳಿದ: “ಮಾಷ್ಟ್ರೆ, ನೀವು ಫೈನಲ್ ಫ್ಯಾಂಟಸಿ ಆಡ್ತೀರಂತೆ, ಹೌದಾ?”

ಹೌದು ಅಂದೆ. ಮುಚ್ಚಿಡುವಂಥದ್ದು ಎಂತ ಉಂಟು?

“ಹಾಗಾದ್ರೆ ಡಾನ್‌ಟ್ರೇಲ್ ತೆಕ್ಕೊಳ್ಳಬಹುದಾ? ನಾವಿಬ್ಬರೂ ದುಡ್ಡು ಒಟ್ಟು ಮಾಡಿದ್ದೇವೆ.”

“ಈಗ ಬೇಡ” ಅಂದುಬಿಟ್ಟೆ. ಹುಡುಗರ ಮುಖ ಸಣ್ಣದಾಯಿತು. ಕಾರಣವನ್ನು ನಿಂತಲ್ಲೇ ಹೇಳಿ ಮುಗಿಸುವ ಹಾಗಿರಲಿಲ್ಲ. ಹಾಗಾಗಿ ಈ ಲೇಖನ. ಇದು ಆ ಹುಡುಗರಿಗೂ ಉತ್ತರ, “ಈ ಪ್ರಾಯದಲ್ಲಿ ನಿಮಗೆ ಎಂಥ ಆಟ ಮಾರಾಯ್ರೆ” ಅಂತ ನಗುವ ನನ್ನ ಹಳೆಯ ಸಹೋದ್ಯೋಗಿಗಳಿಗೂ ಉತ್ತರ.

ಮೊದಲು ಇದು ಎಂತದು ಅಂತ ಹೇಳಬೇಕು. ಫೈನಲ್ ಫ್ಯಾಂಟಸಿ 14 ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿಯ ಆನ್‌ಲೈನ್ ಆಟ. ನಾವೊಂದು ವೇಷ ಕಟ್ಟಿಕೊಳ್ಳಬೇಕು. ಯೋಧನೋ, ಮಂತ್ರವಾದಿಯೋ, ಗಾಯ ವಾಸಿಮಾಡುವ ವೈದ್ಯನೋ. ಅದೇ ಹೊತ್ತಿಗೆ ಬೇರೆ ಬೇರೆ ದೇಶದವರು ಅವರವರ ವೇಷದಲ್ಲಿ ಅದೇ ಊರುಗಳಲ್ಲಿ ತಿರುಗಾಡುತ್ತಿರುತ್ತಾರೆ. ಒಟ್ಟು ಸೇರಿ ಕಥೆಯೊಂದರಲ್ಲಿ ಮುಂದೆ ಹೋಗುವುದೇ ಆಟ. 2010ರಲ್ಲಿ ಮೊದಲ ಸಲ ಬಂದಾಗ ಇದು ನೆಲಕಚ್ಚಿತು. ನವೋಕಿ ಯೋಶಿದಾ ಎಂಬವರಿಗೆ ಕಂಪೆನಿ ಹೊಣೆ ಒಪ್ಪಿಸಿತು. ಅವರು ಹಳೆಯ ಆಟದ ಲೋಕವನ್ನು ಕಥೆಯೊಳಗೇ ನಾಶ ಮಾಡಿ, 2013ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಆಮೇಲೆ ಎರಡು ಮೂರು ವರ್ಷಕ್ಕೊಂದರಂತೆ ವಿಸ್ತರಣೆಗಳು ಬಂದವು: 2015ರಲ್ಲಿ ಹೆವೆನ್ಸ್‌ವರ್ಡ್, 2017ರಲ್ಲಿ ಸ್ಟಾರ್ಮ್‌ಬ್ಲಡ್, 2019ರಲ್ಲಿ ಶ್ಯಾಡೋಬ್ರಿಂಗರ್ಸ್, 2021ರಲ್ಲಿ ಎಂಡ್‌ವಾಕರ್, 2024ರ ಜುಲೈಯಲ್ಲಿ ಡಾನ್‌ಟ್ರೇಲ್. ವಿಸ್ತರಣೆ ಅಂದರೆ ಬೇರೆ ಆಟವಲ್ಲ, ಅದೇ ಕಥೆಯ ಮುಂದಿನ ಪರ್ವ. ಹೊಸ ದೇಶ, ಹೊಸ ಜನ, ಹೊಸ ವಿದ್ಯೆ ಬರುತ್ತದೆ. ನಮ್ಮ ವೇಷ ಮಾತ್ರ ಹಳತೇ.

ನಾನು ಇದಕ್ಕೆ ಬಿದ್ದದ್ದು 2020ರಲ್ಲಿ. ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಿಕ್ಕಿಲ್ಲ, ಬರಲಿಕ್ಕಿಲ್ಲ ಅಂತಾಗಿದ್ದ ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಆಮೇಲೆ ಊರಿಗೆ ಬಂದು ನನ್ನ ಮನೆಯಲ್ಲೇ ಉಳಿದ. ರಾತ್ರಿ ಅವನು ಆಡುವುದನ್ನು ನಾನು ಹಿಂದೆ ಕೂತು ನೋಡುತ್ತಿದ್ದೆ. ಒಂದು ದಿನ “ಮಾವ, ಸುಮ್ಮನೆ ನೋಡುವ ಬದಲು ನೀವೂ ಒಂದು ವೇಷ ಕಟ್ಟಿ” ಅಂದ. ವೈದ್ಯನ ವೇಷ ಆರಿಸಿಕೊಂಡೆ. ಕಡಿಯುವುದು ಬಡಿಯುವುದು ನನ್ನಿಂದಾಗದು, ಬಿದ್ದವರನ್ನು ಎಬ್ಬಿಸಬಹುದು ಅನಿಸಿತು. ಡಾನ್‌ಟ್ರೇಲಿನ ಕೊನೆ ಮುಟ್ಟುವಾಗ ನಾಲ್ಕು ವರ್ಷ ಕಳೆದಿತ್ತು. ದಿನಾ ಆಡಿದವನಲ್ಲ, ಸಂಜೆ ಒಂದೊಂದು ಗಂಟೆ, ವಾರಕ್ಕೆ ಮೂರು ನಾಲ್ಕು ದಿನ.

ಹೊಸಬರು ನಿರೀಕ್ಷಿಸಬೇಕಾದ ಮೊದಲನೆಯ ಸಂಗತಿ ಇದೇ: ದಾರಿ ಬಹಳ ಉದ್ದ. ಡಾನ್‌ಟ್ರೇಲ್ ಕೊಂಡ ಮಾತ್ರಕ್ಕೆ ಡಾನ್‌ಟ್ರೇಲಿನ ಬಾಗಿಲು ತೆರೆಯುವುದಿಲ್ಲ. ಅದರ ಹಿಂದಿನ ಅಷ್ಟೂ ಪರ್ವಗಳ ಮುಖ್ಯ ಕಥೆ ಮುಗಿದಿರಬೇಕು. ಅದು 90ನೇ ಹಂತದಿಂದ 100ನೇ ಹಂತದವರಿಗೆ ಬರೆದ ಕಥೆ. ಹೊಸಬ ಶುರುಮಾಡುವುದು 1ರಿಂದ. ಡಾನ್‌ಟ್ರೇಲಿನ ಜೊತೆ ಬಂದ ಎರಡು ಹೊಸ ವಿದ್ಯೆಗಳಿವೆ, ವೈಪರ್ ಮತ್ತು ಪಿಕ್ಟೋಮ್ಯಾನ್ಸರ್. ಒಂದು ಜೋಡಿ ಕತ್ತಿಯದ್ದು, ಇನ್ನೊಂದು ಕುಂಚದಲ್ಲಿ ಚಿತ್ರ ಬರೆದು ಹೋರಾಡುವುದು. ನಮ್ಮ ಹುಡುಗರ ಕಣ್ಣು ಆ ಕುಂಚದ ಮೇಲೆಯೇ ಇತ್ತು. ಅದನ್ನು ಕಲಿಯಬೇಕಾದರೂ ಮೊದಲು ಬೇರೊಂದು ವಿದ್ಯೆಯಲ್ಲಿ 80ನೇ ಹಂತ ಮುಟ್ಟಿರಬೇಕು.

ಇಲ್ಲಿ ದುಡ್ಡಿನ ವಿಷಯವೂ ಉಂಟು. ಈ ಆಟಕ್ಕೆ ಬಿಟ್ಟಿಯಾಗಿ ಆಡುವ ಒಂದು ದಾರಿ ಇದೆ. ಮೊದಲ ಭಾಗ, ಹೆವೆನ್ಸ್‌ವರ್ಡ್, ಸ್ಟಾರ್ಮ್‌ಬ್ಲಡ್ ಇವಿಷ್ಟನ್ನೂ 70ನೇ ಹಂತದ ತನಕ ಒಂದು ಪೈಸೆ ಕೊಡದೆ, ಕಾಲಮಿತಿ ಇಲ್ಲದೆ ಆಡಬಹುದು. ಕೆಲವು ಕಟ್ಟುಪಾಡುಗಳಿವೆ. ಆಟದ ನಾಣ್ಯ 3 ಲಕ್ಷಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಆಟದ ಸಂತೆಯಲ್ಲಿ ಕೊಳ್ಳುವ ಮಾರುವ ಹಾಗಿಲ್ಲ, ಆಟಗಾರರ ಸಂಘಕ್ಕೆ ಸೇರುವಂತಿಲ್ಲ. ಕಥೆಗೆ ಇದ್ಯಾವುದೂ ಅಡ್ಡ ಬರುವುದಿಲ್ಲ. ಆದರೆ ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಟ ಕೊಂಡರೆ ಆ ಖಾತೆ ಮತ್ತೆ ಬಿಟ್ಟಿಗೆ ತಿರುಗದು. ಕೊಂಡಾಗ ಸಿಗುವ ಮೊದಲ 30 ದಿನ ಮುಗಿದ ಮೇಲೆ ತಿಂಗಳ ಬಾಡಿಗೆ ಶುರು. ನಮ್ಮ ಹುಡುಗರು ಅವತ್ತೇ ಡಾನ್‌ಟ್ರೇಲ್ ಕೊಂಡಿದ್ದರೆ, ಬಿಟ್ಟಿಯಾಗಿ ನಡೆಯಬಹುದಾಗಿದ್ದ ದಾರಿಗೆ ತಿಂಗಳು ತಿಂಗಳು ಸುಂಕ ಕಟ್ಟುತ್ತಾ, ಡಾನ್‌ಟ್ರೇಲಿನ ಮುಖವನ್ನೂ ನೋಡದೆ ಕೂರಬೇಕಿತ್ತು.

ದಾರಿ ತಪ್ಪಿಸಿ ಹೋಗಲಿಕ್ಕೆ ಒಳದಾರಿಯೂ ಉಂಟು. ‘ಟೇಲ್ಸ್ ಆಫ್ ಅಡ್ವೆಂಚರ್’ ಅಂತ ಒಂದು ಸಾಮಾನನ್ನು ಕಂಪೆನಿಯೇ ಮಾರುತ್ತದೆ. ಅದನ್ನು ಕೊಂಡರೆ ಹಿಂದಿನ ಕಥೆಯೆಲ್ಲ ಮುಗಿದ ಹಾಗೆ ಲೆಕ್ಕ. ಅದು ಮಹಾಭಾರತವನ್ನು ಮಹಾಪ್ರಸ್ಥಾನಿಕ ಪರ್ವದಿಂದ ಓದಲು ಶುರುಮಾಡಿದ ಹಾಗೆ. ನಾಯಿಯೊಂದು ಧರ್ಮರಾಯನ ಹಿಂದೆ ನಡೆಯುವುದು ಕಾಣುತ್ತದೆ. ಅವನ ಹಿಂದೆ ಈಗ ಯಾಕೆ ಬೇರೆ ಯಾರೂ ಇಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಡಾನ್‌ಟ್ರೇಲಿಗೆ ಈ ಮಾತು ಉಳಿದೆಲ್ಲ ಪರ್ವಗಳಿಗಿಂತ ಹೆಚ್ಚು ಸಲ್ಲುತ್ತದೆ. ಯಾಕೆ ಅಂತ ಈಗ ಹೇಳುತ್ತೇನೆ. ಕಥೆಯ ಕೊನೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಬಯಲಾಟ ನೋಡುವವರು ನಾವು. ಅದರಿಂದ ರಸಭಂಗವಾಗದು ಅಂತ ನಂಬುತ್ತೇನೆ.

ಎಂಡ್‌ವಾಕರ್ ಮುಗಿಯುವಾಗ ನಮ್ಮ ವೇಷಧಾರಿ ಲೋಕವನ್ನೇ ಉಳಿಸಿದವನು. ಅವನಿಗಿಂತ ದೊಡ್ಡವರಿಲ್ಲ. ಆಗ ಸಮುದ್ರದಾಚೆಯ ಟುರಾಲ್ ಎಂಬ ಸೀಮೆಯಿಂದ ವುಕ್ ಲಾಮತ್ ಎಂಬ ಹುಡುಗಿ ಸಹಾಯ ಕೇಳಿಕೊಂಡು ಬರುತ್ತಾಳೆ. ಅವಳು ಎರಡು ತಲೆಯ ಅರಸ ಗುಲೂಲ್ ಜಾ ಜಾನ ಸಾಕುಮಗಳು. ಅರಸನಿಗೆ ಪ್ರಾಯವಾಗಿದೆ. ಪಟ್ಟಕ್ಕೆ ನಾಲ್ಕು ಮಂದಿ ಸ್ಪರ್ಧಿಗಳು: ಸ್ವಂತ ಮಗ ಝೋರಾಲ್ ಜಾ, ಓದಿದ ಸಾಕುಮಗ ಕೋವಾನ, ಎರಡು ತಲೆಯ ಬಕೂಲ್ ಜಾ ಜಾ, ಮತ್ತು ಇವಳು. ಸೀಮೆಯ ಬೇರೆ ಬೇರೆ ಜನರ ನಡುವೆ ಹೋಗಿ ಏಳು ಪರೀಕ್ಷೆ ಗೆಲ್ಲಬೇಕು. ನಮ್ಮ ಕೆಲಸ ಗೆಲ್ಲುವುದಲ್ಲ, ಗೆಲ್ಲುವವಳ ಪಕ್ಕದಲ್ಲಿ ನಡೆಯುವುದು.

ಹಾಗಾಗಿ ಡಾನ್‌ಟ್ರೇಲ್ ಪಕ್ಕಕ್ಕೆ ಸರಿಯುವವರ ಕಥೆ. ಎಷ್ಟೋ ಹಳೆಯ ಆಟಗಾರರಿಗೆ ಇದು ರುಚಿಸಲಿಲ್ಲ. ನಾವು ದುಡ್ಡು ಕೊಟ್ಟು ಇನ್ನೊಬ್ಬಳ ಕಥೆ ನೋಡಬೇಕಾ ಅನ್ನುವುದು ಅವರ ದೂರು. ನನಗೆ ಆ ದೂರು ಸರಿ ಕಾಣಲಿಲ್ಲ. ನೂರಾರು ಗಂಟೆ ನಾಯಕನಾಗಿ ನಡೆದವನನ್ನು ಈಗ ನೀನು ಹಿರಿಯ, ಹಿಂದೆ ನಿಲ್ಲು ಅನ್ನುವ ಧೈರ್ಯ ಒಳ್ಳೆಯ ಧೈರ್ಯ. ಆದರೆ ಒಳದಾರಿಯಲ್ಲಿ ಬಂದವನಿಗೆ ಇದು ಮುಟ್ಟುವುದೇ ಇಲ್ಲ. ಒಂದು ದಿನವೂ ಮುಂದೆ ನಿಲ್ಲದವನಿಗೆ ಹಿಂದೆ ಸರಿಯುವುದೆಂದರೆ ಎಂತ ಗೊತ್ತಾದೀತು? ಅವನಿಗೆ ಕಾಣುವುದು ಇಷ್ಟೇ, ಯಾರೋ ಹುಡುಗಿ ಮಾತಾಡುತ್ತಿದ್ದಾಳೆ, ನಾನು ತಲೆ ಆಡಿಸುತ್ತಿದ್ದೇನೆ.

ಹಾಗಂತ ಅದನ್ನು ಚೆನ್ನಾಗಿ ಮಾಡಿದ್ದಾರೆ ಅಂತ ಹೇಳಲಾರೆ. ಇಲ್ಲಿ ನನ್ನ ಅನುಭವ ಒಂದು ಹೇಳಬೇಕು. 2019ರ ಮಾರ್ಚಿನಲ್ಲಿ ನಾನು ನಿವೃತ್ತನಾದೆ. ಜೂನಿನಲ್ಲಿ ಶಾಲೆ ತೆರೆದಾಗ ನನ್ನ ಜಾಗಕ್ಕೆ ಬಂದ ಟೀಚರ್ ಇನ್ನೂ ಚಿಕ್ಕ ಪ್ರಾಯದವರು. ಅವರು ಕರೆದ ಕಾರಣ ಒಂದು ವಾರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ಮೂರನೆಯ ದಿನ ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಮಾಡುವಾಗ ದಶಕ ತೆಗೆದುಕೊಂಡದ್ದನ್ನು ಮರೆತರು. ನನ್ನ ನಾಲಿಗೆ ತುದಿಯ ತನಕ ಬಂತು. ಸುಮ್ಮನೆ ಕೂತೆ. ಎದುರಿನ ಸಾಲಿನ ಹುಡುಗಿಯೊಬ್ಬಳು “ಟೀಚರ್, ಒಂದು ಬಾಕಿ ಉಂಟು” ಅಂದಳು. ಕ್ಲಾಸು ನಕ್ಕಿತು, ಟೀಚರ್ ಕೂಡ ನಕ್ಕು ಒರೆಸಿ ಬರೆದರು. ಆ ಕ್ಲಾಸು ಅವರದ್ದಾದದ್ದು ಆವಾಗ. ನಾನು ಬಾಯಿ ಹಾಕಿದ್ದರೆ ಅದು ಇನ್ನೊಂದು ತಿಂಗಳು ನನ್ನದೇ ಆಗಿ ಉಳಿಯುತ್ತಿತ್ತು.

ಡಾನ್‌ಟ್ರೇಲಿನ ಮೊದಲರ್ಧದಲ್ಲಿ ಇಂಥ ಒಂದು ಗಳಿಗೆಗೆ ನಾನು ಕಾದೆ. ವುಕ್ ಲಾಮತ್ ತಪ್ಪುತ್ತಾಳೆ, ಇಲ್ಲವೆಂದಲ್ಲ. ಹಡಗಿನಲ್ಲಿ ಅವಳಿಗೆ ತಲೆ ಸುತ್ತುತ್ತದೆ, ಅವಳ ಬಡಾಯಿಯ ಹಿಂದೆ ಹೆದರಿಕೆ ಇದೆ, ಒಮ್ಮೆ ಅವಳನ್ನು ಹಿಡಿದುಕೊಂಡು ಹೋಗುತ್ತಾರೆ. ಆದರೆ ತಪ್ಪಿಗೆ ತಕ್ಕ ಬೆಲೆ ಅವಳು ತೆರುವುದು ಕಡಿಮೆ. ಹೋದ ಹೋದ ಊರಿನಲ್ಲಿ “ನಿಮ್ಮನ್ನು ತಿಳಿದುಕೊಳ್ಳಬೇಕು” ಅನ್ನುತ್ತಾಳೆ, ಒಂದು ಭಾಷಣ ಮಾಡುತ್ತಾಳೆ, ಹಳೆಯ ಜಗಳ ಕರಗಿಹೋಗುತ್ತದೆ. ಗಡಿನಾಡಿನಲ್ಲಿ ಇರುವ ನಮಗೆ ಗೊತ್ತುಂಟು, ಎರಡು ಮಾತಿನ ಜನ ಒಂದು ಊರಿನಲ್ಲಿ ಬಾಳುವುದು ಒಂದು ಭಾಷಣದಲ್ಲಿ ಮುಗಿಯುವ ಕೆಲಸವಲ್ಲ. ಅಡುಗೆಯ ಪರೀಕ್ಷೆ ಮಾತ್ರ ಇದಕ್ಕೆ ಹೊರತು. ಮಾಂಸವನ್ನು ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಒಂದು ಅಡುಗೆಯನ್ನು ಸ್ಪರ್ಧಿಗಳು ಮಾಡಬೇಕು. ಕಾದಾಡುತ್ತಿದ್ದ ಎರಡು ಜನಾಂಗಗಳು ಒಂದಾದ ನೆನಪು ಆ ಅಡುಗೆಯಲ್ಲಿದೆ. ಅಲ್ಲಿ ಮಾತಿಗಿಂತ ಬಾಳೆಲೆ ಹೆಚ್ಚು ಹೇಳುತ್ತದೆ. ಅಂಥದ್ದು ಇನ್ನೂ ಎರಡು ಇದ್ದಿದ್ದರೆ ಈ ಪರ್ವ ಬೇರೆಯೇ ಆಗುತ್ತಿತ್ತು.

ಇನ್ನೊಂದು ಕೊರತೆ, ಹಿಂದೆ ನಿಲ್ಲುವವನಿಗೆ ಕೊಡಬೇಕಾದ ಕೆಲಸವನ್ನು ಕೊಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವುದೂ ಒಂದು ಕೆಲಸವೇ. ಬಾಯಿ ಹಾಕಬೇಕೋ ಬೇಡವೋ ಅನ್ನುವ ಸಂಕಟ ಅದರಲ್ಲಿದೆ. ಆಟ ನಮ್ಮ ಎದುರು ಎರಡು ಮೂರು ಉತ್ತರ ಇಡುತ್ತದೆ. ಯಾವುದನ್ನು ಒತ್ತಿದರೂ ಕಥೆ ಹೋಗುವುದು ಅಲ್ಲಿಗೇ. ಪಟ್ಟವಾದ ಮೇಲೂ ಅವಳು ನಮ್ಮನ್ನು ಬಿಡುವುದಿಲ್ಲ. ಕೊನೆಯ ಯುದ್ಧದಲ್ಲಿ ನಾವು ಹೋರಾಡುತ್ತಿರುವಾಗ ಹೊರಗಿನಿಂದ ಒಡೆದು ಒಳಗೆ ನುಗ್ಗಿ ಬರುತ್ತಾಳೆ. ಶಿಷ್ಯೆಯನ್ನು ಪ್ರೀತಿಸಬೇಕು ಅಂತ ಹೀಗೆ ಒತ್ತಾಯ ಮಾಡಬಾರದು. ಪ್ರೀತಿ ಬರುತ್ತಿತ್ತು, ಸ್ವಲ್ಪ ಮೌನ ಇದ್ದಿದ್ದರೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಡಾನ್‌ಟ್ರೇಲನ್ನು ಆಡಬೇಕಾದ ಪರ್ವ ಅನ್ನುತ್ತೇನೆ. ಅದು ದ್ವಿತೀಯಾರ್ಧದ ದೆಸೆಯಿಂದ. ಅಲ್ಲಿ ಅಲೆಕ್ಸಾಂಡ್ರಿಯಾ ಎಂಬ, ಬೇರೊಂದು ಲೋಕದಿಂದ ಬಂದ ರಾಜ್ಯವಿದೆ. ಅದರ ರಾಣಿ ಸ್ಫೀನ್ ಬಹಳ ಮೃದು ಸ್ವಭಾವದವಳು. ಆ ರಾಜ್ಯದ ಜನ ತಲೆಯ ಪಕ್ಕದಲ್ಲಿ ಒಂದು ಯಂತ್ರ ಧರಿಸುತ್ತಾರೆ. ಯಾರಾದರೂ ಸತ್ತರೆ, ಉಳಿದವರ ಮನಸ್ಸಿನಿಂದ ಸತ್ತವರ ನೆನಪನ್ನು ಆ ಯಂತ್ರ ಅಳಿಸಿಹಾಕುತ್ತದೆ. ಅಳುವವರಿಲ್ಲ, ಸೂತಕವಿಲ್ಲ. ಸತ್ತವರ ನೆನಪನ್ನು ತೆಗೆದು ಬೇರೊಂದು ಊರಿನಲ್ಲಿ ಇಟ್ಟಿದ್ದಾರೆ. ಅದರ ಹೆಸರು ಲಿವಿಂಗ್ ಮೆಮೊರಿ. ಅಲ್ಲಿ ತೀರಿಹೋದವರೆಲ್ಲ ನಗುತ್ತಾ, ತಿನ್ನುತ್ತಾ, ದೋಣಿಯಲ್ಲಿ ತಿರುಗುತ್ತಾ ಇರುತ್ತಾರೆ. ಆದರೆ ಆ ಊರು ನಡೆಯಬೇಕಾದರೆ ಬದುಕಿರುವವರ ಜೀವಶಕ್ತಿ ಬೇಕು, ಅದಕ್ಕಾಗಿ ಬೇರೆ ಲೋಕಗಳ ಮೇಲೆ ಕೈಹಾಕಬೇಕು. ಅದನ್ನು ನಿಲ್ಲಿಸಲೇಬೇಕು.

ನಿಲ್ಲಿಸುವವರು ನಾವು. ಆ ಊರಿಗೆ ನಾಲ್ಕು ಭಾಗ, ಒಂದೊಂದನ್ನೇ ಆರಿಸಬೇಕು. ನಮ್ಮ ದಾರಿಗಾರ ಎರೆನ್‌ವಿಲ್ ಎಂಬವನ ತಾಯಿ ಅಲ್ಲಿದ್ದಾಳೆ. ನಗುಮುಖದ ಹೆಂಗಸು. ಆರಿಸಿ ಅಂತ ದಾರಿ ತೋರಿಸುವವಳೂ ಅವಳೇ. ಮಗ ಆಡಬೇಕಾದ ಮಾತು ಆಡಲಾರದೆ ನಿಂತಿರುತ್ತಾನೆ, ತಾಯಿ ಹೋಗುತ್ತಾಳೆ. ಆರಿಸಿದ ಕೂಡಲೇ ಬಣ್ಣ ಹೋಗುತ್ತದೆ, ಹಾಡು ನಿಲ್ಲುತ್ತದೆ, ಜನ ಇರುವುದಿಲ್ಲ. ಕಥೆ ಮುಗಿದ ಮೇಲೆ ಯಾವತ್ತು ತಿರುಗಿ ಹೋದರೂ ಆ ಜಾಗ ಹಾಗೆಯೇ ಬೋಳಾಗಿ ಇರುತ್ತದೆ. ಸಿನೆಮಾದಲ್ಲಾದರೆ ಯಾರೋ ಆರಿಸಿದರು ಅಂತ ನೋಡಿ ಎದ್ದು ಬರಬಹುದು. ಇಲ್ಲಿ ಒತ್ತಿದ ಕೈ ನಮ್ಮದು. ಆಟ ಮಾತ್ರ ಮಾಡಬಹುದಾದದ್ದನ್ನು ಆಟ ಇಲ್ಲಿ ಮಾಡಿದೆ.

ನನ್ನ ಮನೆಯವಳು ತೀರಿಹೋದದ್ದು 2017ರಲ್ಲಿ. ಅಡುಗೆಮನೆಯ ಡಬ್ಬಗಳ ಮೇಲೆ ಅವಳು ಬರೆದು ಅಂಟಿಸಿದ ಚೀಟಿಗಳು ಇನ್ನೂ ಉಂಟು. ‘ಕೊತ್ತಂಬರಿ’ ಅಂತ ಬರೆದ ಡಬ್ಬದಲ್ಲಿ ಈಗ ಚಾಹುಡಿ ಇರುತ್ತದೆ. ಅಳಿಯ ಎಷ್ಟೋ ಸಲ “ಮಾವ, ಚೀಟಿ ಬದಲಿಸುವನಾ” ಅಂದಿದ್ದಾನೆ. ಮೂರನೆಯ ಭಾಗವನ್ನು ಆರಿಸಬೇಕಾದ ರಾತ್ರಿ ನಾನು ಕಂಪ್ಯೂಟರ್ ಹಾಗೆಯೇ ಬಿಟ್ಟು ಎದ್ದುಹೋದೆ. ಎರಡು ದಿನ ಕಳೆದು ಬಂದು ಆರಿಸಿದೆ. ಚೀಟಿ ಮಾತ್ರ ತೆಗೆಯಲಿಲ್ಲ. ನೆನಪು ಅಳಿಸಿ ದುಃಖ ತಪ್ಪಿಸಿಕೊಂಡವರನ್ನೂ, ಸತ್ತವರನ್ನು ಹೋಗಲು ಬಿಡದೆ ಇಟ್ಟುಕೊಂಡವಳನ್ನೂ ಆ ಕಥೆ ಒಟ್ಟಿಗೆ ತೋರಿಸುತ್ತದೆ. ಇವೆರಡರ ನಡುವೆ ಚೀಟಿಯಷ್ಟು ಜಾಗ ಉಂಟು ಅಂತ ನನಗೆ ಅನಿಸಿತು.

ಇನ್ನು ಹೊಸಬರಿಗೆ ಕೆಲವು ಸಣ್ಣ ಮಾತು. ಈ ಆಟದಲ್ಲಿ ಕನ್ನಡವಿಲ್ಲ. ಜಪಾನಿ, ಇಂಗ್ಲಿಷ್, ಜರ್ಮನ್, ಫ್ರೆಂಚ್ ಇವಿಷ್ಟೇ. ನಮಗೆ ಇಂಗ್ಲಿಷೇ ಗತಿ, ಅದೂ ಓದಲಿಕ್ಕೆ ರಾಶಿ ಉಂಟು. ಊರಿಯಾಂಜೆ ಎಂಬ ಪಾತ್ರವೊಂದು ಹಳೆಯ ಕಾಲದ ಇಂಗ್ಲಿಷ್ ಆಡುತ್ತದೆ. ಹಳಗನ್ನಡ ಪಾಠ ಮಾಡಿದ ನನಗೂ ಡಿಕ್ಷನರಿ ಬೇಕಾಯಿತು. ಓದದೆ ಒತ್ತುತ್ತಾ ಹೋಗುವವರಿಗೆ ಈ ಆಟ ಅಲ್ಲ. ಮೊದಲ ಭಾಗ ನಿಧಾನ. 2020ರ ಆಗಸ್ಟಿನಲ್ಲಿ ಅದನ್ನು ಸ್ವಲ್ಪ ಕತ್ತರಿಸಿದ್ದಾರೆ, ಆದರೂ ನಿಧಾನವೇ. ಹೊಸ ವಿಸ್ತರಣೆ ಬಂದ ವಾರದಲ್ಲೇ ನುಗ್ಗಬೇಡಿ. 2021ರ ಡಿಸೆಂಬರಿನಲ್ಲಿ ಎಂಡ್‌ವಾಕರ್ ಬಂದಾಗ ಜನ ಹೆಚ್ಚಾಗಿ ಕಂಪೆನಿಯೇ ಕೆಲವು ವಾರ ಮಾರಾಟ ನಿಲ್ಲಿಸಬೇಕಾಯಿತು. ಗಿರಾಕಿ ಹೆಚ್ಚಾಯಿತು ಅಂತ ಅಂಗಡಿ ಮುಚ್ಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಪರಿಚಿತರ ಜೊತೆ ಆಡಲು ಹೆದರಿಕೆಯಾದರೆ, ಕಥೆಗೆ ಬೇಕಾದ ನಾಲ್ಕು ಮಂದಿಯ ಗುಹೆಗಳನ್ನು ಕಂಪ್ಯೂಟರಿನ ಪಾತ್ರಗಳ ಜೊತೆಗೇ ಮುಗಿಸಬಹುದು. ಆದರೆ ಜನರ ಜೊತೆ ಹೋಗಿ ಅಂತ ನನ್ನ ಸಲಹೆ. ಹೊಸಬನ ಹೆಸರಿನ ಪಕ್ಕದಲ್ಲಿ ಒಂದು ಹಸಿರು ಮೊಳಕೆಯ ಗುರುತು ಇರುತ್ತದೆ. ಮೊದಲ ಸಲ ಬಂದವನು ಗುಂಪಿನಲ್ಲಿದ್ದರೆ ಉಳಿದವರಿಗೆ ಹೆಚ್ಚಿನ ಬಹುಮಾನ ಸಿಗುತ್ತದೆ. ಹೊಸಬ ಬಂದರೆ ಹಳಬರಿಗೆ ಲಾಭವಾಗುವ ಹಾಗೆ ನಿಯಮ ಮಾಡಿದ್ದು ದೊಡ್ಡ ಬುದ್ಧಿವಂತಿಕೆ. ನಮ್ಮ ಸಂಘ ಸಂಸ್ಥೆಗಳೂ ಇದನ್ನು ಕಲಿಯಬಹುದು. ಸಾಸ್ತಾಶಾ ಎಂಬ ಮೊದಲ ಗುಹೆಯಲ್ಲಿ ಮೂರು ಬಣ್ಣದ ಹವಳಗಳಿವೆ. ಯಾವುದನ್ನು ಮುಟ್ಟಬೇಕು ಅಂತ ಅಲ್ಲೇ ಬಿದ್ದಿರುವ ಒಂದು ಚೀಟಿಯಲ್ಲಿ ಬರೆದಿರುತ್ತದೆ. ನಾನು ಚೀಟಿ ಓದದೆ ಕಂಡದ್ದನ್ನು ಮುಟ್ಟಿ ಎಲ್ಲರ ಮೇಲೂ ಶತ್ರುಗಳನ್ನು ಎಬ್ಬಿಸಿಬಿಟ್ಟೆ. ಜೊತೆಗಿದ್ದ ಮೂವರು, ಯಾವ ದೇಶದವರೋ, ನಗುವ ಗುರುತು ಕಳುಹಿಸಿ ನನ್ನನ್ನು ಕಾಪಾಡಿದರು.

ಹುಡುಗರಿಗೆ ನನ್ನ ಉತ್ತರ ಹೀಗೆ. ಒಟ್ಟು ಮಾಡಿದ ದುಡ್ಡನ್ನು ಹಾಗೆಯೇ ಇಡಿ. ಬಿಟ್ಟಿ ದಾರಿಯಲ್ಲಿ ಹೊರಡಿ, ಪರೀಕ್ಷೆ ಮುಗಿದ ಮೇಲೆ, ದಿನಕ್ಕೆ ಒಂದು ಗಂಟೆ. ಸ್ಟಾರ್ಮ್‌ಬ್ಲಡ್ ಮುಗಿಯುವಾಗಲೂ ಆಸೆ ಉಳಿದಿದ್ದರೆ ಆಗ ಕೊಳ್ಳಿ. ಡಾನ್‌ಟ್ರೇಲ್ ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಅಲ್ಲಿಗೆ ಹಿರಿಯರಾಗಿ ಹೋಗಬೇಕು; ಅದು ಹಿರಿಯರಿಗೆ ಬರೆದ ಕಥೆ.

ಮೊನ್ನೆ ಅವರಲ್ಲಿ ಒಬ್ಬ ವಾಚನಾಲಯದ ಜಗಲಿಯಿಂದಲೇ ಕೂಗಿ ಕೇಳಿದ: “ಮಾಷ್ಟ್ರೆ, ಕೆಂಪು ಹವಳವಾ, ನೀಲಿಯಾ?”

“ಚೀಟಿ ಓದು ಮಾರಾಯ” ಅಂದೆ.